ಮೂರುನೂರು ಡಿಗ್ರಿಯಲ್ಲಿ ಕರಗಿದ ಬಿಲ್ಲೆ

"ಇವೆರಡರ ಗಾಜು ಕಿತ್ತುಕೊಡಪ್ಪಾ," ಎಂದರು ಅತ್ತಿಗೆ.

ಅವರ ಕೈಯಲ್ಲಿದ್ದದ್ದು ನನ್ನ ಅಂಗಡಿಯ ಅತಿ ಒಳ್ಳೆಯ ಎರಡು ತಂಪು ಕನ್ನಡಕಗಳು. ನೀರಿನ ಮೇಲಿನ ಬಿಸಿಲಿನ ಝಳಪು ಕಣ್ಣಿಗೆ ಹೊಡೆಯದಂತೆ ತಡೆಯುವ ಜಾತಿಯವು. ದೋಣಿಯವರು ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಕನ್ನಡಕ ಮಾರುವವನಿಗೆ ಅದರ ಗಾಜು ಕೀಳು ಎನ್ನುವುದೆಂದರೆ ದರ್ಜಿಗೆ ಹೊಸ ಅಂಗಿ ಹರಿ ಎಂದಂತೆ.

"ಒಂದು ಸಾಲದಾ ಅತ್ತಿಗೆ?"

"ಒಂದು ಕೈಯಲ್ಲಿ ಚಪ್ಪಾಳೆ ತಟ್ಟೋಕಾಗತ್ತಾ? ಕೀಳು."

ಕಿತ್ತೆ. ಮೂವತ್ತೆರಡು ವರ್ಷ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡು, ನಿವೃತ್ತಿಯಾದ ಮೇಲೆ ಊರವರ ಗುಟ್ಟು ಅಳೆಯಲು ಹೊರಟ ಹೆಂಗಸು ಅವರು. ಅವರಿಗೆ ಎದುರಾಡುವ ಧೈರ್ಯ ನಮ್ಮಣ್ಣನಿಗೇ ಇಲ್ಲ, ನನಗೆಲ್ಲಿಂದ ಬರಬೇಕು?

"ಅಂದಹಾಗೆ, ಮಂಗಳವಾರ ಬೆಳಗ್ಗೆ ನಿನ್ನ ಅಂಗಡಿಗೆ ಫೋನ್ ಮಾಡಿದ್ದೆ. ಎತ್ತಲೇ ಇಲ್ಲ."

"ಟೀ ಕುಡಿಯೋಕೆ ಹೋಗಿದ್ದೆ."

"ಎರಡು ಗಂಟೆ ಹೊತ್ತು ಕುಡಿಯೋ ಟೀ ಯಾವುದಪ್ಪಾ ಅದು?"

ನಾನು ಸ್ಕ್ರೂ ಬಿಚ್ಚುವುದರಲ್ಲಿ ಬಹಳ ಮಗ್ನನಾದೆ.

ನಾವು ನಿಂತಿದ್ದದ್ದು ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ. ಬುಧವಾರ ಬೆಳಗ್ಗೆ ಇದೇ ಕೋಣೆಯ ಕಪಾಟಿನ ಮೇಲೆ, ಗ್ರಂಥಾಲಯದ ದೀಪಕ್ಕೆಂದು ಮಾಡಿದ್ದ ಕೊಡದಷ್ಟು ದೊಡ್ಡ ಗಾಜಿನ ಗೋಳ ಢಬ್ಬೆಂದು ಸಿಡಿದು ಚೂರುಚೂರಾಗಿತ್ತು. ಯಾರೋ ಬೇಕೆಂದೇ ಒಡೆದರು ಎನ್ನುವವಳು ಅದನ್ನು ಮಾಡಿದ ಹುಡುಗಿ, ಕಾರ್ಖಾನೆಯ ಯಜಮಾನರ ಮೊಮ್ಮಗಳು. ಯಾರೂ ಮುಟ್ಟಲಿಲ್ಲ, ತಾನಾಗಿ ಒಡೆಯಿತು ಎನ್ನುವವನು ಅವಳ ಚಿಕ್ಕಪ್ಪ. ಆಗ ಕೋಣೆಯಲ್ಲಿದ್ದವನೂ ಅವನೊಬ್ಬನೇ.

ಇಲ್ಲಿನ ಕಟ್ಟಳೆ ವಿಚಿತ್ರ. ಊದಿದ ಬಿಸಿ ಗಾಜನ್ನು ನಿಧಾನಕ್ಕೆ ತಣಿಸುವ ಗೂಡಿನಿಂದ ಹೊರಬಂದ ಏಳು ದಿನದೊಳಗೆ ಗಾಜು ತಾನಾಗಿ ಒಡೆದರೆ, ಅದನ್ನು ಊದಿದವರು ಊದುಗೊಳವೆ ಕೆಳಗಿಡಬೇಕು. ಮೂರು ವರ್ಷ ಅದನ್ನು ಮುಟ್ಟುವಂತಿಲ್ಲ. ಒಂಬತ್ತು ವರ್ಷ ಕುಲುಮೆಯ ಮುಂದೆ ಬೆಂದು, ಮೊಣಕೈವರೆಗೂ ಸುಟ್ಟ ಕಲೆ ಮಾಡಿಕೊಂಡು, ಈ ವರ್ಷವಷ್ಟೇ ಆ ಹುಡುಗಿಯ ಕೈಗೆ ಕೊಳವೆ ಬಂದಿತ್ತು. ಇಂದು ನಾಲ್ಕು ಗಂಟೆಗೆ ಯಜಮಾನರು ತೀರ್ಮಾನ ಹೇಳುವವರಿದ್ದರು. ಗಡಿಯಾರದಲ್ಲಿ ಆಗಲೇ ಎರಡು.

ಅತ್ತಿಗೆ ಒಂದು ಗಾಜಿನ ಹಿಂದೆ ಇನ್ನೊಂದನ್ನು ಕಿಟಕಿಗೆ ಹಿಡಿದು, ಹಿಂದಿನದನ್ನು ಅಡ್ಡಕ್ಕೆ ತಿರುಗಿಸಿದರು. ಕಿಟಕಿಯ ಬೆಳಕು ಪೂರ್ತಿ ಆರಿ ಕಪ್ಪಾಯಿತು.

"ಸೋಮವಾರ ಗೂಡಿಂದ ತೆಗೆದ ಲೋಟ ಕೊಡಮ್ಮಾ. ಇವೆರಡರ ನಡುವೆ ಹಿಡಿ."

ಹುಡುಗಿ ಹಿಡಿದಳು. ಕಪ್ಪು ಕಪ್ಪಾಗಿಯೇ ಇತ್ತು.

"ಈಗ ಗೋಳದ ಜೊತೆ ಅದೇ ಗೂಡಲ್ಲಿ ತಣಿದ ಬಟ್ಟಲು."

ಬಟ್ಟಲು ನಡುವೆ ಬಂದದ್ದೇ ತಡ, ಕತ್ತಲೆಯಲ್ಲಿ ಬಣ್ಣ ಹರಡಿತು. ಅಂಚಿನಲ್ಲಿ ಹಳದಿ, ಅದರೊಳಗೆ ನೇರಳೆ, ತಳದಲ್ಲಿ ನೀಲಿ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮೂವತ್ತು ವರ್ಷದಿಂದ ಈ ಕನ್ನಡಕ ಮಾರುತ್ತಿದ್ದೇನೆ, ಅದರ ಹೊಟ್ಟೆಯಲ್ಲಿ ಇಷ್ಟು ವಿದ್ಯೆ ಇದೆಯೆಂದು ಗೊತ್ತೇ ಇರಲಿಲ್ಲ.

"ಎಷ್ಟು ಚೆನ್ನಾಗಿದೆ!" ಎಂದಳು ಹುಡುಗಿ.

"ಚೆನ್ನಾಗಿರೋದಲ್ಲಮ್ಮ, ಅದು ಜಗಳ. ಬಿಸಿ ಗಾಜಿಗೆ ತಣ್ಣನೆ ಗಾಳಿ ತಾಗಿದ್ರೆ ಹೊರಗಿನ ಪದರ ಮೊದಲು ಗಟ್ಟಿಯಾಗತ್ತೆ. ಒಳಗಿನದು ಆಮೇಲೆ ತಣ್ಣಗಾಗ್ತಾ ಕುಗ್ಗೋಕೆ ನೋಡತ್ತೆ, ಹೊರಗಿನದು ಬಿಡಲ್ಲ. ಒಂದೇ ಮನೇಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ, ಆ ಬಿಗಿತ ಒಳಗೇ ಉಳಿದುಬಿಡತ್ತೆ. ಒಂದು ದಿನ ಸಣ್ಣ ನೆಪ ಸಿಕ್ಕಿದ್ರೆ ಸಾಕು, ಢಬ್!"

ಹುಡುಗಿಯ ಮುಖ ಇಳಿದುಹೋಯಿತು.

"ಅಂದ್ರೆ ಗೋಳ ತಾನಾಗೇ ಒಡೀತು ಅಂತಾಯ್ತು. ನಾನು ನಿಮ್ಮನ್ನ ಕರೆಸಿದ್ದು ನನ್ನ ಪರವಾಗಿ ಹುಡುಕೋಕೆ ಮೇಡಂ."

"ನಾನು ಯಾರ ಪರವೂ ಅಲ್ಲ, ಗಾಜಿನ ಪರ. ಗಾಜು ಹೇಳ್ತಿದೆ, ತಣಿಯೋ ಹೊತ್ತಲ್ಲಿ ಯಾರೋ ಗೂಡಿನ ಬಾಗಿಲು ತೆಗೆದಿದ್ದಾರೆ ಅಂತ. ಬಾ, ಗೂಡು ಏನು ಹೇಳತ್ತೆ ಕೇಳೋಣ."

ಗೂಡಿನ ಮುಂದೆ, ತನ್ನ ಮುಕ್ಕಾಲಿಯ ಮೇಲೆ, ಗೂಡಕ್ಕ ಕೂತಿದ್ದರು. ಹದಿನೆಂಟು ವರ್ಷದಿಂದ ಗೂಡು ಕಾಯುವ ಹೆಂಗಸು. ಅವರ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿದೆ. ಐವತ್ತರ ಆಸುಪಾಸು, ಎಡಗಿವಿಯ ಮೇಲೆ ಒಂದೇ ಒಂದು ಬೆಳ್ಳಿ ಕೂದಲು, ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ. ಇಷ್ಟೆಲ್ಲ ನಾನು ಯಾಕೆ ಗಮನಿಸಿದೆ ಎಂದು ಕೇಳಬೇಡಿ, ಕಣ್ಣಿನ ವ್ಯಾಪಾರದವನು.

ಅವರು ನೋಟುಬುಕ್ ಮುಂದೆ ಮಾಡಿದರು. ಗೂಡಿನ ಶಾಖವನ್ನು ಗಂಟೆಗೊಮ್ಮೆ ಬರೆಯುವುದು ಅವರ ಕೆಲಸ. ಮಂಗಳವಾರದ ಸಾಲು ಹೀಗಿತ್ತು: ಒಂಬತ್ತಕ್ಕೆ ನಾನೂರ ಐವತ್ತು ಡಿಗ್ರಿ. ಅಲ್ಲಿಂದ ಗಂಟೆಗೆ ಹತ್ತರಂತೆ ಇಳಿದು ಮಧ್ಯಾಹ್ನ ಎರಡಕ್ಕೆ ನಾನೂರು. ಆಮೇಲೆ ಇಪ್ಪತ್ತೈದರಂತೆ ಇಳಿದು ಸಂಜೆ ಆರಕ್ಕೆ ಮೂರುನೂರು.

"ನಾನೂರರವರೆಗೆ ಮಾತ್ರ ಜೋಪಾನ," ಎಂದರು ಗೂಡಕ್ಕ. "ಆಮೇಲೆ ಸ್ವಲ್ಪ ಹೊತ್ತು ಬಾಗಿಲು ತೆಗೆದ್ರೂ ಒಳಗೆ ಬಿಗಿತ ಉಳಿಯಲ್ಲ ಮೇಡಂ. ಗಾಜು ಅಷ್ಟೊತ್ತಿಗೆ ಗಟ್ಟಿ ಮನಸ್ಸು ಮಾಡ್ಕೊಂಡಿರತ್ತೆ."

ಅತ್ತಿಗೆ ಭೂತಗನ್ನಡಿ ತೆಗೆದರು. "ಹತ್ತು ಅಂಕಿ. ಹತ್ತಕ್ಕೂ ಪೆನ್ಸಿಲ್ ಮೊನೆ ಒಂದೇ ಸಮ ಚೂಪು. ಬೆಳಗಿಂದ ಸಂಜೆವರೆಗೂ ಮೊಂಡಾಗದ ಪೆನ್ಸಿಲ್ ಎಲ್ಲಿ ಸಿಗತ್ತೆ ಗೂಡಕ್ಕ? ನನಗೂ ಒಂದು ಬೇಕಿತ್ತು."

ಗೂಡಕ್ಕ ಸೆರಗು ಸರಿಮಾಡಿಕೊಂಡರು. "ನಮ್ಮ ಗೂಡು ಬಹಳ ನಿಯತ್ತಿಂದು..."

"ಹೌದು ಅತ್ತಿಗೆ! ಹದಿನೆಂಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಇಂಥವರನ್ನ ಅನುಮಾನಿಸೋದು ಪಾಪ!" ಎಂದೆ ನಾನು, ಬೇಕಾದದ್ದಕ್ಕಿಂತ ಗಟ್ಟಿಯಾಗಿ.

ಅತ್ತಿಗೆ ಭೂತಗನ್ನಡಿಯನ್ನು ನೋಟುಬುಕ್ಕಿನಿಂದ ಎತ್ತಿ ನನ್ನ ಮುಖದ ಮೇಲೆ ಹಿಡಿದರು. ಅರ್ಧ ನಿಮಿಷ ನೋಡಿ, ಏನೂ ಹೇಳದೆ ಕೆಳಗಿಳಿಸಿದರು. ಕೆಲವು ಸಲ ಅವರು ಏನಾದರೂ ಹೇಳಿಬಿಟ್ಟರೇ ವಾಸಿ.

ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ತಣ್ಣಗಿದ್ದ ಗೂಡಿನೊಳಗೆ ಅರ್ಧ ಮೈ ತೂರಿಸಿದರು. ಅರವತ್ತನಾಲ್ಕು ವರ್ಷದ ಹೆಂಗಸಿನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಒಳಗಿಂದ ದನಿ ಬಂತು: "ಚಾಕು!"

ಕೊಟ್ಟೆ. ಕೆರೆಯುವ ಸದ್ದು. ಆಮೇಲೆ ಇಟ್ಟಿಗೆ ಪುಡಿ ಮೆತ್ತಿದ ತಲೆ ಹೊರಗೆ ಬಂತು. ಅಂಗೈಯಲ್ಲಿ ಬೂದುಬಣ್ಣದ ಲೋಹದ ಒಂದು ಚಪ್ಪಟೆ ತುಂಡು. ಎರಡು ಇಟ್ಟಿಗೆಗಳ ಸಂದಿಯಲ್ಲಿ ಹರಿದು, ಆ ಸಂದಿಯ ಆಕಾರದಲ್ಲೇ ಗಟ್ಟಿಯಾಗಿತ್ತು.

"ಸತು," ಎಂದರು ಗೂಡಕ್ಕ ತಟ್ಟನೆ. ಆಮೇಲೆ ಯಾಕಾದರೂ ಅಂದೆನೋ ಎಂಬಂತೆ ತುಟಿ ಕಚ್ಚಿಕೊಂಡರು.

ಈ ಕಾರ್ಖಾನೆಯಲ್ಲಿ ಸತುವಿನದು ಒಂದೇ ಒಂದು ವಸ್ತು: ಬಿಲ್ಲೆ. ಗೂಡಿನ ಬಾಗಿಲು ತೆಗೆಯುವ ಹಕ್ಕಿರುವುದು ನಾಲ್ಕೇ ಜನಕ್ಕೆ. ಯಜಮಾನರದು ಒಂದನೇ ನಂಬರು, ಚಿಕ್ಕಪ್ಪನದು ಎರಡು, ಗೂಡಕ್ಕನದು ಮೂರು, ಮೊಮ್ಮಗಳದು ನಾಲ್ಕು. ಯಾರು ಬಾಗಿಲು ತೆಗೆದರೂ ತಮ್ಮ ಬಿಲ್ಲೆಯನ್ನು ಪಕ್ಕದ ಕೊಕ್ಕೆಗೆ ನೇತುಹಾಕಬೇಕು. ಬಿಲ್ಲೆ ನೇತುಹಾಕದೆ ಬಾಗಿಲು ಮುಟ್ಟುವುದು ಇಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು.

ಅತ್ತಿಗೆಗೆ ಯಾರ ಮಾತೂ ಸಾಲದು, ಕಣ್ಣಾರೆ ಕಾಣಬೇಕು. ಗೂಡಕ್ಕನ ಬಿಲ್ಲೆಯ ಅಂಚಿನಿಂದ ಅರದಲ್ಲಿ ಒಂದಿಷ್ಟು ಕೊಯ್ಯಿಸಿ, ಆ ಚೂರನ್ನೂ ಸಿಕ್ಕಿದ ತುಂಡಿನ ಒಂದು ಚೂರನ್ನೂ ಕಬ್ಬಿಣದ ಸೌಟಿನಲ್ಲಿ ಅಕ್ಕಪಕ್ಕ ಇಟ್ಟು, ಮಾದರಿ ನೋಡುವ ಸಣ್ಣ ಒಲೆಗೆ ತಳ್ಳಿದರು. ನಾವು ನಾಲ್ವರೂ ಗಾಜಿನ ಕಿಂಡಿಗೆ ಮುಖ ಒತ್ತಿ ನಿಂತೆವು. ಮೂರುನೂರಕ್ಕೆ ಏನೂ ಇಲ್ಲ. ನಾನೂರಕ್ಕೂ ಏನೂ ಇಲ್ಲ. ನನ್ನ ಕುತ್ತಿಗೆ ಹಿಡಿದುಕೊಂಡಿತು. ಸೂಜಿ ನಾನೂರ ಇಪ್ಪತ್ತು ಮುಟ್ಟುತ್ತಲೇ ಎರಡು ಚೂರೂ ಒಟ್ಟಿಗೆ ಸೊರಗಿ, ದುಂಡಗಾಗಿ, ಫಳ್ಳನೆ ಹೊಳೆದವು.

"ನಾನೂರ ಇಪ್ಪತ್ತಕ್ಕೆ ಸತು ನೀರಾಗತ್ತೆ. ಅದರ ಕೆಳಗೆ ನೀನು ಬೈದ್ರೂ ಕರಗಲ್ಲ, ಮುದ್ದು ಮಾಡಿದ್ರೂ ಕರಗಲ್ಲ," ಎಂದರು ಅತ್ತಿಗೆ, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯಂತೆ ಬೀಗುತ್ತಾ. "ಎಲ್ಲರನ್ನೂ ಕರೀರಿ. ಬಿಲ್ಲೆ ತರೋಕೆ ಹೇಳಿ."

ಮೂರೂವರೆಗೆ ಎಲ್ಲರೂ ಗೂಡಿನ ಮುಂದೆ ಸೇರಿದರು. ಯಜಮಾನರು ಬೆಂಚಿನ ಮೇಲೆ ಕೂತರು. ಎಪ್ಪತ್ತೆಂಟು ವರ್ಷ. ಜೀವಮಾನವಿಡೀ ಊದಿ ಊದಿ ಕೆನ್ನೆ ಎರಡು ಚೀಲದಂತೆ ಜೋತಿವೆ. ಮಕ್ಕಳು ಅವರನ್ನು 'ಉಫ್ ತಾತ' ಎನ್ನುತ್ತಾರೆ. ಚಿಕ್ಕಪ್ಪ ಬಗಲಲ್ಲಿ ಥರ್ಮಾಸ್ ಫ್ಲಾಸ್ಕ್ ಇಟ್ಟುಕೊಂಡೇ ಬಂದ. ಯಾವ ಹೊತ್ತಿನಲ್ಲೂ ಅವನಿಗೆ ಬಿಸಿ ಟೀ ಬೇಕು. ಕುಲುಮೆಯ ಪಕ್ಕ ಹುಟ್ಟಿದವನಿಗೆ ಫ್ಲಾಸ್ಕ್ ಯಾಕೆಂದು ಯಾರಾದರೂ ಕೇಳಿದರೆ ಕೋಪ.

ನಾಲ್ಕು ಬಿಲ್ಲೆಗಳೂ ಬೆಂಚಿನ ಮೇಲೆ ಬಂದವು. ಒಂದು, ಎರಡು, ಮೂರು, ನಾಲ್ಕು.

"ನೋಡಿ, ಎಲ್ಲಾ ಇವೆ," ಎಂದ ಚಿಕ್ಕಪ್ಪ. "ಮನೆಗೆ ಹೋಗೋಣ್ವಾ?"

ಅತ್ತಿಗೆ ಚೀಲದಿಂದ ಮರದ ಸ್ಕೇಲು ತೆಗೆದು ಪೆನ್ಸಿಲ್ಲಿನ ಮೇಲೆ ಅಡ್ಡ ಇಟ್ಟರು. ಒಂದು ತುದಿಗೆ ನಾಲ್ಕನೇ ಬಿಲ್ಲೆ, ಇನ್ನೊಂದಕ್ಕೆ ಎರಡನೆಯದು. ನಾಲ್ಕನೆಯದು ಟಕ್ಕೆಂದು ಕೆಳಗಿಳಿಯಿತು. ಎರಡನೆಯದು ಗಾಳಿಯಲ್ಲಿ ನಿಂತಿತು. ಅತ್ತಿಗೆ ಅದರ ಪಕ್ಕ ಮೂರನೆಯದನ್ನು ಹಿಡಿದು ತೋರಿಸಿದರು. ಎರಡಕ್ಕೂ ಅಗಲ ಅಷ್ಟೇ, ದಪ್ಪ ಅಷ್ಟೇ.

"ಅಳತೆ ಒಂದೇ, ತೂಕ ಮಾತ್ರ ಅರ್ಧಕ್ಕಿಂತ ಕಮ್ಮಿ. ಇದು ಸತು ಅಲ್ಲ, ಅಲ್ಯೂಮಿನಿಯಂ. ಯಾವ ಪಾತ್ರೆಯ ಮುಚ್ಚಳ ಕತ್ತರಿಸಿದ್ರಿ?"

ಚಿಕ್ಕಪ್ಪನ ಟೀ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿದ. ಗೂಡಕ್ಕ ಬೆನ್ನಿಗೆ ಎರಡು ಗುದ್ದಿದರು. ಸ್ವಲ್ಪ ಜೋರಾಗಿಯೇ ಗುದ್ದಿದರು ಎಂದು ನನ್ನ ಅಭಿಪ್ರಾಯ.

"ಇವಳಮ್ಮನ ಹಳೇ ಹಾಲಿನ ಪಾತ್ರೇದು," ಎಂದ ಕೊನೆಗೆ. ಹುಡುಗಿಯ ತಾಯಿ ಬುಧವಾರದಿಂದ ಆ ಮುಚ್ಚಳ ಹುಡುಕುತ್ತಿದ್ದರಂತೆ. ಹುಡುಗಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಚಿಕ್ಕಪ್ಪ! ಗೂಡು ನೀವು ತೆಗೆದ್ರಾ?"

"ತೆಗೆದೆ ಕಣೇ. ಹೊಟ್ಟೆಕಿಚ್ಚು ಅಂತ ಬೇಕಾದ್ರೆ ಬರ್ಕೊಳ್ಳಿ, ತಪ್ಪೇನಿಲ್ಲ. ಅಷ್ಟು ದೊಡ್ಡ ಗೋಳ ನನಗೆ ಹದಿನೈದು ವರ್ಷದಲ್ಲಿ ಊದೋಕಾಗ್ಲಿಲ್ಲ. ಬೆಳಗಾಗೋವರೆಗೂ ಕಾಯೋಕೆ ತಡೀಲಿಲ್ಲ. ಒಂದು ಸಲ ನೋಡ್ಬಿಡೋಣ ಅಂತ ತೆಗೆದೆ. ಬಗ್ಗಿದಾಗ ಜೇಬಿಂದ ಬಿಲ್ಲೆ ಒಳಗೆ ಬಿತ್ತು. ಕಂಬಿ ಹಾಕಿ ಕಾಲು ಗಂಟೆ ತಡಕಿದೆ, ಸಿಗ್ಲಿಲ್ಲ."

"ಎಷ್ಟು ಹೊತ್ತಿಗೆ?" ಎಂದರು ಅತ್ತಿಗೆ.

"ಸಂಜೆ ಆರಕ್ಕೆ. ಅದಕ್ಕೇ ಹೇಳ್ತಿದೀನಿ, ಏನೂ ಆಗಿಲ್ಲ ಅಂತ! ಆರಕ್ಕೆ ಗೂಡು ಮೂರುನೂರಕ್ಕೆ ಇಳಿದಿರತ್ತೆ. ಪುಸ್ತಕ ನೋಡಿ. ಮೂರುನೂರಲ್ಲಿ ಬಾಗಿಲು ತೆಗೆದ್ರೆ ಗಾಜು ಒಡೆಯಲ್ಲ. ಮೂರು ತಲೆಮಾರಿಂದ ಗೊತ್ತಿರೋ ಮಾತು."

"ಸುಳ್ಳು," ಎಂದರು ಅತ್ತಿಗೆ ಸಂತೋಷದಿಂದ. "ಮೂರುನೂರಲ್ಲಿ ಸತುವೂ ಕರಗಲ್ಲ. ನಿಮ್ಮ ಬಿಲ್ಲೆ ನೀರಾಗಿ ಹರಿದಿದೆ. ಪುಸ್ತಕದ ಪ್ರಕಾರ ಗೂಡು ನಾನೂರ ಇಪ್ಪತ್ತರ ಮೇಲೆ ಇದ್ದದ್ದು ಮಧ್ಯಾಹ್ನ ಹನ್ನೆರಡರ ಒಳಗೆ. ನೀವು ತೆಗೆದದ್ದು ಬೆಳಗ್ಗೆ."

"ಬೆಳಗ್ಗೆ ನಾನು ಊರಲ್ಲೇ ಇರ್ಲಿಲ್ಲ! ಲಾರೀಲಿ ಮಾಲು ಹಾಕೊಂಡು ಹೋದವನು ವಾಪಸ್ ಬಂದಿದ್ದೇ ಐದೂವರೆಗೆ. ಅಪ್ಪನೇ ಕಳಿಸಿದ್ದು, ಕೇಳಿ!"

ಯಜಮಾನರು ನಿಧಾನವಾಗಿ ತಲೆಯಾಡಿಸಿದರು. "ನಿಜ. ಏಳೂವರೆಗೆ ಲಾರಿ ಹತ್ತಿದ. ನಾನೇ ಬಾಗಿಲು ಹಾಕಿದೆ."

ಅತ್ತಿಗೆಯ ಬಾಯಿ ತೆರೆದದ್ದು ಹಾಗೇ ನಿಂತಿತು. ಇಪ್ಪತ್ತು ವರ್ಷದಲ್ಲಿ ನಾನು ಇದನ್ನು ಎರಡನೇ ಸಲ ನೋಡಿದ್ದು. ಮೊದಲನೆಯದು, ನಮ್ಮಣ್ಣ ತಾನಾಗಿ ಪಾತ್ರೆ ತೊಳೆದಾಗ.

ಆದರೆ ಮರುಗಳಿಗೆಯಲ್ಲೇ ಅವರ ಕಣ್ಣು ಮಿಂಚಿತು. "ಹಾಗಾದ್ರೆ ನೀವು ಹೇಳ್ತಿರೋದೂ ನಿಜ, ಸತು ಹೇಳ್ತಿರೋದೂ ನಿಜ. ಆರು ಗಂಟೆಗೆ ಬಿಲ್ಲೆ ಬಿದ್ದಿದ್ದೂ ಹೌದು, ಕರಗಿದ್ದೂ ಹೌದು. ಅಂದ್ರೆ ಆರು ಗಂಟೆಗೆ ಈ ಗೂಡು ಮೂರುನೂರಲ್ಲಿ ಇರ್ಲೇ ಇಲ್ಲ."

"ಮತ್ತೆ?" ಎಂದ ಚಿಕ್ಕಪ್ಪ.

"ಇಳೀತಿದ್ದ ಗೂಡನ್ನ ಯಾರೋ ಮತ್ತೆ ಕಾಯಿಸಿದ್ದಾರೆ. ಬಿಸಿ ತಾನಾಗಿ ಆರತ್ತೆ, ಆದ್ರೆ ತಾನಾಗಿ ಏರಲ್ಲ. ಏರಬೇಕಾದ್ರೆ ಎಲ್ಲಿಂದಲೋ ಶಾಖ ಬರ್ಬೇಕು. ಇಲ್ಲಿ ಶಾಖ ಬರೋ ದಾರಿ ಒಂದೇ, ಹಿತ್ತಲಿನ ಗ್ಯಾಸ್ ವಾ‌ಲ್ವು. ಅದಕ್ಕೆ ಬೀಗ. ಬೀಗದ ಕೈ..."

ಯಜಮಾನರ ಕೊರಳಿನ ಕರಿ ದಾರದಲ್ಲಿ, ನಲವತ್ತು ವರ್ಷದಿಂದ ತೂಗುತ್ತಿರುವ ಆ ಕೀಲಿಯನ್ನು ಎಲ್ಲರೂ ನೋಡಿದೆವು.

ಯಜಮಾನರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ನಾನೇ ಕಾಯಿಸಿದೆ," ಎಂದರು. "ಬೆಳಗ್ಗೆ ಹನ್ನೊಂದೂಕಾಲಿಗೆ ಈ ಕಡೆ ಬಂದೆ. ಬಾಗಿಲು ಒಂದು ಗೇಣು ತೆಗೆದಿತ್ತು. ಸೂಜಿ ಮೂರುನೂರ ಮೂವತ್ತಕ್ಕೆ ಬಿದ್ದಿತ್ತು. ಗೂಡಕ್ಕ ಕಾಣ್ಲಿಲ್ಲ, ಕೈಕಾಲು ತೊಳೆಯೋಕೆ ಹೋಗಿರ್ಬೇಕು ಅಂದ್ಕೊಂಡೆ. ಒಳಗೆ ಇಣುಕಿ ನೋಡಿದ್ರೆ ಇನ್ನಷ್ಟು ಬಿಸಿ ಹೋಗತ್ತೆ ಅಂತ ಹಾಗೇ ಮುಚ್ಚಿ, ಹಿತ್ತಲಿಗೆ ಓಡಿ ವಾಲ್ವು ತೆಗೆದೆ. ಮತ್ತೆ ನಾನೂರ ಐವತ್ತಕ್ಕೆ ಏರಿಸಿ, ಐದೂವರೆವರೆಗೂ ಇದೇ ಮುಕ್ಕಾಲಿ ಮೇಲೆ ಕೂತು ಕಾದೆ. ಆಮೇಲೆ ಬಂದ ಗೂಡಕ್ಕನ್ನೂ ಬೇರೆ ಕೆಲಸಕ್ಕೆ ಕಳಿಸಿದೆ."

"ಸರಿಯಾದ ಕೆಲಸವೇ ಮಾಡಿದ್ರಿ," ಎಂದರು ಅತ್ತಿಗೆ. "ಹಾಗೆ ಮತ್ತೆ ಕಾಯಿಸಿ ಹಿಡಿದ್ರೆ ಗಾಜಿನ ಬಿಗಿತ ಪೂರ್ತಿ ಸಡಿಲವಾಗತ್ತೆ. ಬೆಳಗಿನ ಗಾಯ ನೀವು ವಾಸಿ ಮಾಡಿದ್ರಿ. ಆದ್ರೆ ಯಾರಿಗೂ ಹೇಳಲಿಲ್ಲ. ಆರು ಗಂಟೆಗೆ ನಿಮ್ಮ ಮಗ ಬಂದ, ಮೂರುನೂರು ಅಂದ್ಕೊಂಡು ನಾನೂರ ನಲವತ್ತರ ಗೂಡನ್ನ ಕಾಲು ಗಂಟೆ ಬಾಯಿ ತೆರೆಸಿಟ್ಟ. ಗೋಳ ಅಲ್ಲಿಗೆ ಕೆಟ್ಟಿತು."

ಚಿಕ್ಕಪ್ಪ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ಮರೆತ. "ಅಯ್ಯೋ," ಎಂದ ಮೆಲ್ಲಗೆ. "ನಾನೇ ಒಡೆದ ಹಾಗಾಯ್ತಲ್ಲಾ." ಆ ಹೊತ್ತಿನಲ್ಲಿ ಅವನ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿತು.

ಹುಡುಗಿ ಮಾತ್ರ ಎದ್ದು ನಿಂತಿದ್ದಳು. ಮುಖದಲ್ಲಿ ದೀಪ ಹೊತ್ತಿದಂತಿತ್ತು. "ಹಾಗಾದ್ರೆ ಅದು ನನ್ನ ತಪ್ಪಲ್ಲ ತಾತ! ಕೊಳವೆ ನನ್ನ ಹತ್ರಾನೇ ಇರತ್ತೆ, ಅಲ್ವಾ?"

ಯಜಮಾನರು ಅವಳನ್ನು ನೋಡಲಿಲ್ಲ. ನೆಲ ನೋಡಿದರು.

"ನಾನು ಯಾಕೆ ಯಾರಿಗೂ ಹೇಳ್ಲಿಲ್ಲ ಅಂತ ಕೇಳು ಮಗೂ. ಬೆಳಗ್ಗೆ ಬಾಗಿಲು ತೆಗೆದಿತ್ತು ಅಂದ್ನಲ್ಲ, ಆಗ ಕೊಕ್ಕೆಯಲ್ಲಿ ಒಂದು ಬಿಲ್ಲೆ ನೇತಾಡ್ತಿತ್ತು. ಹಿತ್ತಲಿಂದ ವಾಪಸ್ ಬರೋಷ್ಟರಲ್ಲಿ ಮಾಯ ಆಗಿತ್ತು. ನಂಬರು ಮಾತ್ರ ಕಣ್ಣಾರೆ ಓದಿದೆ. ನಾಲ್ಕು."

ನಾಲ್ಕು. ಮೊಮ್ಮಗಳದು.

"ತಣಿಯೋ ಗೂಡನ್ನ ಹೊತ್ತಿಗೆ ಮುಂಚೆ ತೆಗೆದವರಿಗೂ ಅದೇ ಕಟ್ಟಳೆ," ಎಂದರು ಅವರು. "ಬಾಯಿ ಮುಚ್ಕೊಂಡಿದ್ರೆ ನೀನು ಉಳೀತೀಯ ಅಂದ್ಕೊಂಡಿದ್ದೆ. ಈಗ ಇಷ್ಟು ಜನರ ಮುಂದೆ ಸುಳ್ಳು ಹೇಳೋಕಾಗಲ್ಲ. ಕೊಳವೆ ಇಡು ಮಗೂ."

"ನಾನು ತೆಗೆದಿಲ್ಲ ತಾತ! ಮಂಗಳವಾರ ನನ್ನ ಬಿಲ್ಲೆ ನನ್ನ ಹತ್ರ ಇರ್ಲೇ ಇಲ್ಲ!" ಹುಡುಗಿ ಸರ್ರನೆ ನನ್ನ ಕಡೆ ತಿರುಗಿದಳು. "ಕುಲುಮೆ ಮುಂದೆ ಹಾಕೋ ನೀಲಿ ಕನ್ನಡಕದ ಕಾಲು ಮುರಿದಿತ್ತು. ಸೋಮವಾರ ಸಂಜೆ ರಿಪೇರಿಗೆ ಕೊಟ್ಟೆ. ಬಿಲ್ಲೆ ಅದರ ಡಬ್ಬೀಲೇ ಇತ್ತು. ಬುಧವಾರ ಬೆಳಗ್ಗೆ ವಾಪಸ್ ಸಿಕ್ಕಿತು. ಕನ್ನಡಕದ ಮಾಮ, ಹೇಳಿ! ಮಂಗಳವಾರ ಅದು ನಿಮ್ಮ ಹತ್ರ ಇತ್ತು ಅಂತ ಹೇಳಿ!"

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಒಬ್ಬರದನ್ನು ಬಿಟ್ಟು. ಗೂಡಕ್ಕ ಗೂಡಿನ ಕಡೆ ನೋಡುತ್ತಿದ್ದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಓದುವವರಿಗಾದರೂ ಹೇಳಿಬಿಡುತ್ತೇನೆ. ಮಂಗಳವಾರ ನಾನು ಎರಡು ಗಂಟೆ ಟೀ ಕುಡಿಯಲಿಲ್ಲ. ಹತ್ತೂವರೆಗೆ ಕಾರ್ಖಾನೆಯ ಹಿಂದಿನ ಕೆರೆಯ ದಡದಲ್ಲಿ, ಒಂದು ಬಾಡಿಗೆ ದೋಣಿಯ ಪಕ್ಕ, ಹೊಸದಾಗಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನಿಂತಿದ್ದೆ. ಕೋಟಿನ ಜೇಬಿನಲ್ಲಿ ಹುಡುಗಿಯ ಕನ್ನಡಕದ ಡಬ್ಬಿ ಇತ್ತು. ಹಾದಿಯಲ್ಲೇ ಕೊಟ್ಟು ಹೋಗೋಣ ಎಂದುಕೊಂಡು ಮರೆತಿದ್ದೆ. ಐವತ್ತಾರು ವರ್ಷಕ್ಕೆ ಮೊದಲ ಸಲ ಒಬ್ಬ ಹೆಂಗಸು ನನ್ನ ಜೊತೆ ದೋಣಿ ಹತ್ತಲು ಒಪ್ಪಿದ್ದಾಳೆಂದರೆ, ಕನ್ನಡಕ ಯಾರಿಗೆ ನೆನಪಿರುತ್ತದೆ? ಆ ಹೆಂಗಸು ಹದಿನೆಂಟು ವರ್ಷದಲ್ಲಿ ಮೊದಲ ಸಲ, ದಿನದ ಅಂಕಿಗಳನ್ನೆಲ್ಲ ಮೊದಲೇ ಬರೆದಿಟ್ಟು, ಗೂಡು ಬಿಟ್ಟು ಬಂದಿದ್ದಳು.

ಗೂಡು ಬಿಟ್ಟು ಹೋದ ಕಾವಲುಗಾರರಿಗೆ ಆ ಮುಕ್ಕಾಲಿ ಮತ್ತೆ ಸಿಗುವುದಿಲ್ಲ. ಅದೂ ಇಲ್ಲಿನ ಕಟ್ಟಳೆಯೇ.

ನಾನು ಬಾಯಿ ಮುಚ್ಚಿಕೊಂಡರೆ ಹುಡುಗಿಯ ಕೊಳವೆ ಹೋಗುತ್ತದೆ, ತೆರೆದರೆ ಗೂಡಕ್ಕನ ಮುಕ್ಕಾಲಿ. ಅಷ್ಟೇ ಆಗಿದ್ದರೂ ಹೇಗೋ ಯೋಚಿಸುತ್ತಿದ್ದೆ. ಆದರೆ ಈಗ, ಈ ಗಳಿಗೆಯಲ್ಲಿ, ಇನ್ನೊಂದು ವಿಷಯ ನೆನಪಾಯಿತು. ಕೆರೆಯ ಮೇಲೆ ಗಾಳಿ ಇತ್ತು. ನಾನು ಕೋಟು ಬಿಚ್ಚಿ ಅವರ ಹೆಗಲಿಗೆ ಹೊದಿಸಿದ್ದೆ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವರು, "ಮನಸ್ಸು ತಡೀತಿಲ್ಲ, ಒಂದು ಸಲ ಗೂಡು ನೋಡ್ಕೊಂಡು ಬಂದ್ಬಿಡ್ತೀನಿ," ಎಂದು ಕೋಟಿನ ಸಮೇತ ಹೋದರು. ವಾಪಸ್ ಬಂದದ್ದು ಹನ್ನೊಂದೂವರೆಗೆ. ನಾನು ದೋಣಿಯಲ್ಲಿ ಕೂತು ಕಡಲೆಕಾಯಿ ತಿಂದು ಮುಗಿಸಿದ್ದೆ.

"ಮಾಮ," ಎಂದಳು ಹುಡುಗಿ ಮತ್ತೆ. ಕೈಯಲ್ಲಿದ್ದ ಊದುಗೊಳವೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಒಂಬತ್ತು ವರ್ಷದ ಸುಟ್ಟ ಕಲೆಗಳು ನನ್ನ ಕಣ್ಣೆದುರೇ ಇದ್ದವು. ಹೇಳದೆ ಇರಲಾಗಲಿಲ್ಲ.

"ಅವಳು ಹೇಳೋದು ನಿಜ ಯಜಮಾನ್ರೇ," ಎಂದೆ. "ಮಂಗಳವಾರ ಹನ್ನೊಂದು ಗಂಟೆಗೆ ನಾಲ್ಕನೇ ಬಿಲ್ಲೆ ನನ್ನ ಕೋಟಿನ ಜೇಬಲ್ಲಿತ್ತು."

ಹುಡುಗಿ ಅಳುತ್ತಾ ನಕ್ಕಳು. ಯಜಮಾನರು ಮುಷ್ಟಿ ಸಡಿಲಿಸಿದರು. ಚಿಕ್ಕಪ್ಪ ನನಗೆ ಟೀ ಬಗ್ಗಿಸಲು ಶುರುಮಾಡಿದ. ಅತ್ತಿಗೆ ಮಾತ್ರ ಆ ಎರಡು ಕಪ್ಪು ಗಾಜುಗಳನ್ನು ಒಂದರ ಹಿಂದೆ ಒಂದು ಹಿಡಿದು, ನಾನೇ ನಡುವಿನ ಬಟ್ಟಲು ಎಂಬಂತೆ ನನ್ನನ್ನು ನೋಡಿದರು.

"ಕೋಟು ಎಲ್ಲಿತ್ತು ಮೈದುನ?"

ಮುಕ್ಕಾಲಿ ಸರಿದ ಸದ್ದಾಯಿತು. ಗೂಡಕ್ಕ ಎದ್ದು ನಿಂತಿದ್ದರು. ನೋಟುಬುಕ್ಕನ್ನು ಬೆಂಚಿನ ಮೇಲೆ, ತಮ್ಮ ಬಿಲ್ಲೆಯ ಪಕ್ಕ ಇಟ್ಟರು.

"ಅವರನ್ನ ಯಾಕೆ ಗೋಳು ಹೊಯ್ಕೋತೀರಾ ಮೇಡಂ, ಕೋಟು ನನ್ನ ಮೈಮೇಲಿತ್ತು. ಚಳಿಗೆ ಜೇಬಲ್ಲಿ ಕೈಯಿಟ್ಟೆ, ಡಬ್ಬಿ ಸಿಕ್ತು, ತೆಗೆದು ನೋಡಿದ್ರೆ ಒಳಗೆ ಬಿಲ್ಲೆ. ಕೊಕ್ಕೆಗೆ ನೇತುಹಾಕಿದ್ದೂ ನಾನೇ, ಆಮೇಲೆ ಮನಸ್ಸು ಒಪ್ಪದೆ ತೆಗೆದುಕೊಂಡಿದ್ದೂ ನಾನೇ."

"ಯಾಕಮ್ಮಾ?" ಎಂದರು ಯಜಮಾನರು.

"ಬಿಲ್ಲೆ ಇಲ್ದೆ ಬಾಗಿಲು ತೆಗೆದಿರಬಾರ್ದು ಅಂತ ನೀವೇ ಅಲ್ವಾ ಕಲಿಸಿದ್ದು? ನಾನು ಬಂದಾಗಲೇ ಬಾಗಿಲು ತೆಗೆದಿತ್ತು, ಕೊಕ್ಕೆ ಖಾಲಿ. ಹುಡುಗೀನೇ ತೆಗೆದಿರ್ಬೇಕು, ಬಿಲ್ಲೆ ಇಲ್ದೆ ಒದ್ದಾಡಿರ್ಬೇಕು ಅಂದ್ಕೊಂಡು, ಅವಳ ಪರವಾಗಿ ನಾನು ಹಾಕಿ, ಬಾಗಿಲು ಮುಚ್ಚೋದೂ ಮರೆತು ಅವಳನ್ನ ಹುಡುಕೋಕೆ ಓಡ್ದೆ. ಬುಧವಾರ ಬೆಳಗ್ಗೆ ಕಪಾಟಿನ ಮೇಲೆ ಗೋಳ ನೋಡಿದ ಮೇಲೆ ನನ್ನ ಕಣ್ಣೇ ಮೋಸ ಮಾಡಿತೇನೋ ಅಂತ ಸುಮ್ಮನಾಗ್ಬಿಟ್ಟೆ."

"ಹುಡುಗೀನೇ ತೆಗೆದಳು ಅಂತ ಯಾಕೆ ಅಂದ್ಕೊಂಡ್ರಿ?" ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು. "ನಿಮ್ಮ ಕಣ್ಣು ಏನು ಮೋಸ ಮಾಡಿತು?"

ಗೂಡಕ್ಕ ಹುಡುಗಿಯನ್ನು ನೋಡಿದರು.

"ಬೇರೆ ಯಾರು ಒಯ್ತಾರೆ ಮೇಡಂ? ಬಟ್ಟಲುಗಳೆಲ್ಲ ಹಾಗೇ ಇದ್ವು. ಗೂಡೊಳಗೆ ಗೋಳ ಮಾತ್ರ ಇರ್ಲಿಲ್ಲ. ಹಾಗಾದ್ರೆ ಬುಧವಾರ ಕಪಾಟಿನ ಮೇಲೆ ಒಡೆದದ್ದು ಯಾವ ಗೋಳ?"